ಅಕ್ಕನ ಲ್ಯಾಪ್‌ಟಾಪಿನ ಹುಳ

ನಮ್ಮ ಬಂಧುಬಳಗಕ್ಕೆಲ್ಲ ನಾನೇ ಕಂಪ್ಯೂಟರ್ ಡಾಕ್ಟರ್. ಈ ಪದವಿಯನ್ನು ಯಾವ ಕಾಲೇಜೂ ಕೊಟ್ಟದ್ದಲ್ಲ. ಸೊಲ್ಲಾಪುರದ ಚಾದರದ ಅಂಗಡಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಿಲ್ಲು ತೆಗೆಯುವವನು ನಾನು. ಅದನ್ನು ನೋಡಿದವರು ಡಾಕ್ಟರ್ ಎಂದರು, ನಾನೂ ಬೇಡವೆನ್ನಲಿಲ್ಲ. ಹಾಳೂರಿಗೆ ಉಳಿದವನೇ ಗೌಡ. ನನ್ನ ಹತ್ತಿರ ಇರುವ ಮದ್ದು ಒಂದೇ: ಬಂದ್ ಮಾಡಿ ಮತ್ತೆ ಚಾಲೂ ಮಾಡುವುದು. ಬಹಳಷ್ಟು ರೋಗಗಳು ಅಷ್ಟಕ್ಕೇ ವಾಸಿಯಾಗುತ್ತವೆ. ಮನುಷ್ಯರಿಗೂ ಇಂಥದೊಂದು ಗುಂಡಿ ಇರಬೇಕಿತ್ತು ಎಂದು ತಮಾಷೆ ಮಾಡುತ್ತಿದ್ದೆ. ಭಾವ ಹೋದ ಮೇಲೆ ಆ ತಮಾಷೆ ಬಿಟ್ಟಿದ್ದೇನೆ.

ಭಾವ ಎಂದರೆ ಅಕ್ಕಲಕೋಟೆಯ ನಮ್ಮ ಗೌರಕ್ಕನ ಗಂಡ. ಹೋಟಗಿ ಜಂಕ್ಷನ್ನಿನಲ್ಲಿ ರೈಲ್ವೆ ನೌಕರಿ. ಮೂಲದಲ್ಲಿ ತಡವಳ ಹಳ್ಳಿಯ ಕುರಿ ಕಾಯುವವರ ಮನೆತನ, ಮನೆದೇವರು ಬೀರೋಬಾ. ಡೊಳ್ಳಿನ ಮೇಳದಲ್ಲಿ ಮುಂದೆ ನಿಂತು ಹಾಡುವವರು. ಕಳೆದ ವರ್ಷ ಡ್ಯೂಟಿ ಮುಗಿಸಿ ಮನೆಗೆ ಬರುವ ಗಾಡಿ ಕಾಯುತ್ತ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಲ್ಲೇ ಹೋಗಿಬಿಟ್ಟರು. ಅವರ ಶರ್ಟುಗಳನ್ನು ಅಕ್ಕ ತಡವಳದವರಿಗೆ ಹಂಚಿದಳು, ಬೈಕನ್ನು ಮೈದುನ ಒಯ್ದ. ಲ್ಯಾಪ್‌ಟಾಪ್ ಮಾತ್ರ ಯಾರಿಗೂ ಕೊಡಲಿಲ್ಲ. ಅದರಲ್ಲಿ ಅವಳಿಗೆ ಬರುವ ಕೆಲಸ ಒಂದೇ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಭಾವ ಹಾಡಿಟ್ಟ ಬೀರೋಬಾನ ಪದ ಹಚ್ಚುವುದು. ಗಂಡನ ದನಿ ಅಂತ ಅವಳಿಗೆ ಉಳಿದದ್ದು ಅದೊಂದೇ.

ಆ ಲ್ಯಾಪ್‌ಟಾಪಿಗೆ ವೈರಸ್ ಹೊಕ್ಕಿತು.

"ತಮ್ಮಾ, ಹಾಡು ಹಚ್ಚಿದ್ರ ನಡುವ ಯಾವಕಿಯೋ ಬಂದು ಕುಣ್ಯಾಕತ್ತಾಳೋ. ದೇವರ ಮುಂದ ನಾಚಿಕಿ ಬರತೈತಿ. ಮ್ಯಾಲ ಸೆರಗು ಮುಚ್ಚಿ ಕೇಳಾಕತ್ತೀನಿ," ಎಂದು ಅಕ್ಕ ಫೋನ್ ಮಾಡಿದಳು. ನಾನು ನಕ್ಕೆ. ಅವಳು ನಗಲಿಲ್ಲ. "ಮಶೀನ್ ಪೂರಾ ಬಂದ್ ಬಿದ್ರ ಅವರ ಆವಾಜನೂ ಹೋಗತೈತೇನು?"

"ಹೋಗೂದಿಲ್ಲ ಬಿಡು," ಎಂದೆ. ಡಾಕ್ಟರುಗಳೆಲ್ಲ ಮೊದಲು ಹೇಳುವುದು ಇದನ್ನೇ.

ಭಾನುವಾರ ಅಕ್ಕಲಕೋಟೆಯ ಬಸ್ಸು ಹತ್ತಿದೆ. ಬಸ್ಸಿನ ತುಂಬ ಅಲ್ಲಿಯ ಸ್ವಾಮಿಯ ದರ್ಶನಕ್ಕೆ ಹೊರಟ ಜನ. ಅವರೆಲ್ಲ ತಂತಮ್ಮ ಕಷ್ಟ ಹೊತ್ತುಕೊಂಡು ಹೊರಟಿದ್ದರೆ, ನಾನೊಬ್ಬ ಪರರ ಕಷ್ಟ ಕಳೆಯುವವನ ಠೀವಿಯಲ್ಲಿ ಕೂತಿದ್ದೆ. ಲ್ಯಾಪ್‌ಟಾಪಿಗೆ ವೈರಸ್ ಹಿಡಿಯುವ ಸಾಫ್ಟ್‌ವೇರ್ ಹಾಕಿ, ಕುಣಿಯುವವಳನ್ನು ಓಡಿಸಿ, ಜೋಳದ ಭಕ್ಕರಿ, ಶೇಂಗಾ ಚಟ್ನಿ ಉಂಡೆ. "ಝಾಲ? ಮುಗೀತೇನು?" ಎಂದಳು ಅಕ್ಕ. "ಝಾಲ," ಎಂದೆ. ನಮ್ಮ ಕಡೆ ಜಗಳ ಕನ್ನಡದಲ್ಲಿ ಶುರುವಾದರೂ ಕೆಲಸ ಮುಗಿಯುವುದು ಮರಾಠಿಯಲ್ಲೇ.

ಸೋಮವಾರ ಬೆಳಿಗ್ಗೆ ಫೋನ್. "ಆಕಿ ಮತ್ತ ಬಂದಾಳೋ."

ಮುಂದಿನ ಭಾನುವಾರ ಮತ್ತೆ ಹೋಗಿ ಓಡಿಸಿದೆ, ಅವಳು ಮತ್ತೆ ಬಂದಳು. ನನಗೆ ಸಿಟ್ಟು ಬಂತು. ಕಂಪ್ಯೂಟರ್ ಬಲ್ಲವರ ಸಿಟ್ಟು ಯಾವಾಗಲೂ ಕಂಪ್ಯೂಟರ್ ಅರಿಯದವರ ಮೇಲೆ. "ಏನರೆ ಒತ್ತಿರಬೇಕು ನೀ," ಎಂದು ರೇಗಿದೆ. "ಬೀರೋಬಾನ ಆಣಿ, ನಾ ಏನೂ ಒತ್ತಿಲ್ಲೋ," ಎಂದಳು. ಕಂಪ್ಯೂಟರ್ ರಿಪೇರಿಯ ಅಂಗಡಿಯಲ್ಲಿ ಕೇಳಿದರೆ, ಎಲ್ಲಾ ಅಳಿಸಿ ಹೊಸದಾಗಿ ಮಾಡು ಎಂದರು. ಎಲ್ಲಾ ಎಂದರೆ ಅದರಲ್ಲಿ ಭಾವನ ದನಿಯೂ ಬಂತಲ್ಲ. ಲ್ಯಾಪ್‌ಟಾಪಿನಲ್ಲಿ ಕೇಳುವ ಹಾಡು ಲ್ಯಾಪ್‌ಟಾಪಿನೊಳಗೇ ಇರುತ್ತದೆ ಎಂದು ನಾನು ನಂಬಿದ್ದೆ, ಎಲ್ಲಿದೆ ಎಂದು ಹುಡುಕಿಯೂ ಇರಲಿಲ್ಲ.

ಕುರಿಗೆ ರೋಗ ಬಂದಾಗ ಭಾವ ಒಂದು ಮಾತು ಹೇಳುತ್ತಿದ್ದರು: "ಹಿಂಡಿಗೆ ಮದ್ದು ಹಾಕಿ ಪಾರಾಗೂದಿಲ್ಲ. ಮದ್ದು ತಪ್ಪಿಸಿಕೊಂಡು ಕೊಟ್ಟಿಗ್ಯಾಗ ಬ್ಯಾರೆ ಕಟ್ಟಿದ್ದು ಒಂದು ಇರತೈತಿ, ಅದನ್ನ ನೋಡು." ಈ ಮಾತು ನೆನಪಾಗಿ, ಅಕ್ಕ ಹಾಡು ಹಚ್ಚುವುದನ್ನು ಕಣ್ಣಾರೆ ನೋಡಲೆಂದು ಮೂರನೆಯ ಸಲ ಶನಿವಾರವೇ ಹೋಗಿ ಅಲ್ಲೇ ಉಳಿದೆ.

ಬೆಳಿಗ್ಗೆ ಅಕ್ಕ ಸ್ನಾನ ಮಾಡಿ ದೀಪ ಹಚ್ಚಿದಳು. ದೇವರ ಜಗಲಿಯ ಮೇಲಿನ ಭಂಡಾರದ ಡಬ್ಬಿಯ ಮುಚ್ಚಳ ತೆಗೆದು, ಬೀರೋಬಾನ ಅರಿಶಿನದೊಳಗಿಂದ ಒಂದು ಪೆನ್‌ಡ್ರೈವ್ ಎತ್ತಿದಳು. ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು, ಲ್ಯಾಪ್‌ಟಾಪಿಗೆ ಚುಚ್ಚಹೋದಳು.

"ಅಕ್ಕಾ! ಇದನ್ಯಾಕ ನನಗ ತೋರಿಸಲಿಲ್ಲ?"

"ನೀ ಮಶೀನ್ ನೋಡಾಕ ಬಂದಿದ್ದಿ. ಇದು ದೇವರ ಸಾಮಾನ ಅಲ್ಲೇನೋ," ಎಂದಳು ಅಕ್ಕ, ನನ್ನ ದಡ್ಡತನಕ್ಕೆ ಅಚ್ಚರಿಪಟ್ಟು.

ಜಗಲಿಯ ವಸ್ತುವನ್ನು ಮೈಲಿಗೆಯಲ್ಲಿ ಮುಟ್ಟುವ ಹಾಗಿಲ್ಲ. ಡಾಕ್ಟರು ಮೊದಲು ಸ್ನಾನ ಮಾಡಿ ಬರಬೇಕಾಯಿತು.

ವೈರಸ್ಸಿನ ಹುಳ ಇದ್ದದ್ದು ಆ ಪೆನ್‌ಡ್ರೈವಿನಲ್ಲಿಯೇ. ಅದು ಭಾವನ ಹಾಡುಗಳನ್ನು ಬಚ್ಚಿಟ್ಟು, ಅವುಗಳ ಹೆಸರಿನಲ್ಲಿ ಬಾಗಿಲಿಗೆ ತಾನು ನಿಂತಿತ್ತು. ಅಕ್ಕ ದಿನವೂ ಗಂಡನ ಹಾಡೆಂದು ಒತ್ತುತ್ತಿದ್ದದ್ದು ಅದನ್ನೇ. ಅದು ಮೊದಲು ತಾನು ಒಳಹೊಕ್ಕು, ಆಮೇಲೆ ಭಾವನನ್ನು ಹಾಡಲು ಬಿಡುತ್ತಿತ್ತು. ನಾನು ಅದನ್ನು ಅಳಿಸಿದೆ. ಪೆನ್‌ಡ್ರೈವ್ ಖಾಲಿ ಕಂಡಿತು.

ಅಕ್ಕ ಓದುಬರಹದವಳಲ್ಲ, ಆದರೆ ಪರದೆಯ ಮೇಲೆ ಏನೂ ಇಲ್ಲ ಎಂಬುದು ಅವಳಿಗೂ ಕಾಣುತ್ತದೆ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಭಾವನ ಸುದ್ದಿ ಬಂದ ದಿನವೂ ಹೀಗೆಯೇ ಕೂತಿದ್ದಳು. ಬಚ್ಚಿಟ್ಟದ್ದನ್ನು ಹೊರತೆಗೆಯಲು ಒಂದು ಆಜ್ಞೆ ಉಂಟೆಂದು ನನಗೆ ಗೊತ್ತಿತ್ತು, ಆದರೆ ಎರಡು ಸಲ ಅದನ್ನು ತಪ್ಪಾಗಿ ಹೊಡೆದೆ. ನನಗೆ ಅಷ್ಟು ಭಯ ಎಂದೂ ಆಗಿರಲಿಲ್ಲ.

ಕೊನೆಗೆ ಹಾಡುಗಳು ಬಂದವು. ಒಂದನ್ನು ಹಚ್ಚಿದೆ. ಭಾವ ಕೆಮ್ಮಿ ಗಂಟಲು ಸರಿಮಾಡಿಕೊಂಡು ಒಂದು ಸಾಲು ಹಾಡಿದರು. ಆಮೇಲೆ ಸದ್ದಿಲ್ಲ. ಮತ್ತೊಂದು ಸಾಲು, ಮತ್ತೆ ಸದ್ದಿಲ್ಲ. "ಅಕ್ಕಾ, ನಡುನಡುವ ಆವಾಜ ಹೋಗೈತಿ. ಹುಳ ತಿಂದಾವ," ಎಂದೆ. ಖಾಲಿ ಜಾಗವನ್ನು ಕತ್ತರಿಸಿ ಸಾಲುಗಳನ್ನು ಕೂಡಿಸಿ ಕೊಡುತ್ತೇನೆ ಎಂದೂ ಸೇರಿಸಿದೆ.

"ಏ, ಕತ್ತರಿಸಬ್ಯಾಡ!" ಅಕ್ಕ ನನ್ನ ಕೈ ಹಿಡಿದಳು. "ತಿಂದಿಲ್ಲೋ. ಮ್ಯಾಳದ ಹುಡುಗರು ಕಲೀಲಿ ಅಂತ ಒಬ್ರ ಕುಂತು ಹಾಡ್ಯಾರ. ಅವರು ಮುಂದ ಅಂದದ್ದನ್ನ ಹಿಂದಿನವರು ಅನಬೇಕಲ್ಲ, ಅದಕ್ಕ ಜಾಗಾ ಬಿಟ್ಟಾರ." ನೆಲ ನೋಡುತ್ತ ಹೇಳಿದಳು, "ಈಗ ಅದು ನನ್ನ ಪಾಳಿ."

ನಮ್ಮಲ್ಲಿ ಡೊಳ್ಳಿನ ಮೇಳಕ್ಕೆ ಹೆಂಗಸರು ನಿಲ್ಲುವುದಿಲ್ಲ. ಭಾವ ಇದ್ದಷ್ಟು ದಿನ ಅಕ್ಕ ಒಂದು ಸಾಲನ್ನೂ ಹಾಡಿದವಳಲ್ಲ. ನನ್ನೆದುರು ಈಗಲೂ ಹಾಡಲೊಲ್ಲಳು. "ಮೊದಲಿಂದ ಹಚ್ಚಿಕೊಟ್ಟು ನೀ ಹೊರಗ ಹೋಗು," ಎಂದಳು.

ಹಚ್ಚಿಕೊಟ್ಟು ಅಂಗಳಕ್ಕೆ ಬಂದು ನಿಂತೆ. ಒಳಗೆ ಭಾವ ಒಂದು ಸಾಲು ಹಾಡಿದರು. ಅದರ ಹಿಂದೆ ಅಕ್ಕನ ಸಣ್ಣ ದನಿ, ಶ್ರುತಿ ಇಲ್ಲದ್ದು, ತುಸು ತಡವಾಗಿ ಎದ್ದಿತು. ಅವಳ ಸಾಲು ಮುಗಿಯುವ ಮೊದಲೇ ಭಾವ ಮುಂದಿನದಕ್ಕೆ ಹೋಗಿಬಿಟ್ಟರು. ಅವಳು ಅವಸರವಾಗಿ ಉಳಿದದ್ದನ್ನು ನುಂಗಿ ಮುಂದಿನ ಪಾಳಿಗೆ ಕಾದಳು. ಅಲ್ಲಿಯೂ ತಡವಾಯಿತು. ಅವರಿಬ್ಬರನ್ನು ಸರಿಯಾಗಿ ಕೂಡಿಸುವ ರಿಪೇರಿ ನನಗೆ ಬರುವುದಿಲ್ಲ.

ಮುಗಿದ ಮೇಲೆ ಅಕ್ಕ ಬಾಗಿಲಿಗೆ ಬಂದಳು. "ಝಾಲ?" ಎಂದೆ.

"ಇವತ್ತಿಂದು ಆತು," ಎಂದಳು.