ಡ್ರಾಯರಿನಲ್ಲಿದ್ದ ಖಡಕ್ ರೊಟ್ಟಿ

ಮಖ್ತಲ್‌ನ ನಮ್ಮ ಹಲ್ಲಿನ ಡಾಕ್ಟರಿಗೆ ಹುಳುಕು ತುಂಬುವ ಸಿಮೆಂಟಿನ ಮೇಲೆ ವಿಪರೀತ ಅಭಿಮಾನ. ತಮ್ಮ ದವಡೆ ಹಲ್ಲಿಗೂ ಅದನ್ನೇ ತುಂಬಿಸಿಕೊಂಡಿದ್ದರು. ಯಾರಾದರೂ ಅನುಮಾನಪಟ್ಟರೆ ಡ್ರಾಯರಿನಿಂದ ಖಡಕ್ ಜೋಳದ ರೊಟ್ಟಿ ತೆಗೆದು, ಕಟಕ್ಕೆಂದು ಕಡಿದು, "ಕಲ್ಲು ಐತ್ರೀ, ಕಲ್ಲು!" ಎನ್ನುತ್ತಿದ್ದರು.

ಹಲ್ಲು ತುಂಬಿಸಿಕೊಳ್ಳಲು ಹೋಗಿದ್ದ ನಮ್ಮವ್ವ ಮಗ್ಗದ ಮುಂದೆ ದಾರವನ್ನು ಹಲ್ಲಿನಿಂದಲೇ ಕತ್ತರಿಸುವವಳು. "ರೇಷ್ಮಿ ಎಳಿ ಕಡಿಯಾಕ ತಡೀತೈತೇನ್ರಿ?" ಎಂದು ಕೇಳಿದಳು.

ಡಾಕ್ಟರು ರೊಟ್ಟಿ ಕಡಿದರು. ಈ ಸಲದ ಸದ್ದೇ ಬೇರೆ. ಅರ್ಧ ಹಲ್ಲು ಮುರಿದು ಅಂಗೈಗೆ ಬಿತ್ತು. ಒಂದು ಕೈಯಲ್ಲಿ ಕೆನ್ನೆ ಒತ್ತಿಕೊಂಡೇ ಅದನ್ನು ಬೆಳಕಿಗೆ ಹಿಡಿದರು. ಮುಖ ಅರಳಿತು.

"ನೋಡ್ರೀ, ಸಿಮೆಂಟ್ ಹಂಗೇ ಐತಿ! ಕಲ್ಲು!"

ಅವ್ವ ತುಸು ಯೋಚಿಸಿದಳು.

"ಹಂಗಾದ್ರ ನನಗ ಹಲ್ಲೂ ಸಿಮೆಂಟಿಂದೇ ಕಟ್ಟಿಬಿಡ್ರಿ."