ಮೂಲ ಓದೀಯೇನು?

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಕಪ್ಪಗಿರುತ್ತಿದ್ದವು. ಸಿಲ್ವರ್ ನೈಟ್ರೇಟ್ ತಾಗಿ ಆದ ಕಲೆ. ತಿಕ್ಕಿದರೆ ಹೋಗುವುದಿಲ್ಲ, ಚರ್ಮ ಸುಲಿದು ಹೊಸದು ಬರಬೇಕು. ಹೊಸದು ಬರುವಷ್ಟರಲ್ಲಿ ಅವರು ಇನ್ನೊಂದು ನೀರಿನ ಸ್ಯಾಂಪಲ್ ಹಿಡಿದು ಕೂತಿರುತ್ತಿದ್ದರು. ರಾಯಚೂರಿನ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ನೀರು ಪರೀಕ್ಷೆಯ ಪ್ರಯೋಗಾಲಯ ಅವರ ವಶದಲ್ಲಿತ್ತು. ಪಾಠ ಮಾಡುವ ಹುದ್ದೆ ಅವರದಲ್ಲ. ಗಬ್ಬೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅವರನ್ನು ಎಲ್ಲರೂ ಲ್ಯಾಬ್ ಮೇಡಂ ಎನ್ನುತ್ತಿದ್ದರು.

ನಾನು ಮಾನ್ವಿಯವಳು. ಅಪ್ಪ ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಭತ್ತದ ಹೊಟ್ಟು ಸುಟ್ಟ ಬೂದಿ ಗಿರಣಿಯ ಹಿಂದೆ ರಾಶಿಯಾಗುವುದನ್ನು ನೋಡುತ್ತಲೇ ಬೆಳೆದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಆ ಬೂದಿಯಿಂದಲೇ ಬೋರ್ ನೀರಿನ ಫ್ಲೋರೈಡ್ ತೆಗೆಯುವ ಫಿಲ್ಟರ್ ಮಾಡೋಣವೆಂದು ನಾನೂ ಒಬ್ಬ ಗೆಳತಿಯೂ ಹೊರಟೆವು. ದೇವದುರ್ಗದ ಕಡೆ, ಅರಕೇರಾ ಹತ್ತಿರದ ಒಂದು ಶಾಲೆಯ ಮಕ್ಕಳ ಹಲ್ಲಿನ ಮೇಲೆ ಫ್ಲೋರೈಡಿನಿಂದಾದ ಕಂದು ಗೆರೆಗಳಿದ್ದವು. ಅಲ್ಲಿಯ ಹೆಡ್‌ಮಾಸ್ತರಿಗೆ ಫಿಲ್ಟರ್ ಕೂರಿಸಿ ಕೊಡುತ್ತೇವೆಂದು ಮಾತೂ ಕೊಟ್ಟುಬಿಟ್ಟೆವು.

ಲ್ಯಾಬಿನ ಕಂಪ್ಯೂಟರಿನಲ್ಲಿ ನಾನು ಇಡೀ ಪ್ರಶ್ನೆಯನ್ನು ಉದ್ದಕ್ಕೆ ಟೈಪು ಮಾಡಿ, ಮೊದಲ ಪುಟದಲ್ಲಿ ಬಂದ ನಾಲ್ಕು ಸಂಶೋಧನಾ ಪ್ರಬಂಧ ಇಳಿಸಿಕೊಂಡು ಏಳುವವಳಿದ್ದೆ. ಮೇಡಂ ಹಿಂದೆ ಬಂದು ನಿಂತಿದ್ದರು.

"ಹುಡುಕಿದ್ದು ಮುಗೀತೇನು?"

"ಹೌದ್ರಿ ಮೇಡಂ. ನಾಕು ಸಿಕ್ಕಾವ."

"ಸಿಕ್ಕಾವ ಖರೆ. ಸಿಗಲಾರದ್ದು ಎಷ್ಟು ಉಳದಾವ, ಗೊತ್ತದೇನು? ನಿಮ್ಮೂರಾಗ ಭತ್ತದ ಹೊಟ್ಟಿಗೆ ಏನಂತಾರ?"

"ಹೊಟ್ಟು ಅಂತೀವ್ರಿ. ಆಂಧ್ರದಿಂದ ಬಂದು ನೆಲಸಿದ ಕ್ಯಾಂಪಿನ ತೆಲುಗಿನವ್ರು ಊಕ ಅಂತಾರ."

"ಹಂಗs ಈ ಪ್ರಬಂಧ ಬರೆಯೋರೂ. ಒಬ್ಬಾಂವ ರೈಸ್ ಹಸ್ಕ್ ಅಂತಾನ, ಒಬ್ಬಾಂವ ರೈಸ್ ಹಲ್ ಅಂತಾನ. ನೀ ಒಂದೇ ಹೆಸರಿಲೆ ಕರದ್ರ ಉಳದವ್ರು ಓ ಅನ್ನಂಗಿಲ್ಲ ತಂಗಿ."

ಒಂದು ನೋಟ್‌ಬುಕ್ಕು ತೆಗೆಸಿದರು. ವಸ್ತು ಯಾವುದು, ತೊಂದರೆ ಯಾವುದು, ವಿಧಾನ ಯಾವುದು ಎಂದು ಮೂರು ಕಾಲಂ ಗೀರಿಸಿ, ಒಂದೊಂದರ ಕೆಳಗೂ ಅದಕ್ಕಿರುವ ಬೇರೆ ಬೇರೆ ಹೆಸರು ಬರೆಸಿದರು. ಯಾವ ದಿನ ಯಾವ ಪದಗಳನ್ನು ಜೋಡಿಸಿ ಹುಡುಕಿದೆ, ಏನು ಸಿಕ್ಕಿತು ಎಂಬುದನ್ನೂ ಬರೆದಿಡಬೇಕಿತ್ತು. ನನಗೆ ಇದು ಅತಿಯೆನಿಸಿತು. ಮುಖದಲ್ಲಿ ಕಂಡಿತೇನೋ, ಚಹಾ ಸೋಸುತ್ತ ತಮ್ಮ ಕಥೆ ಹೇಳಿದರು. ಅವರೂ ಪಿಎಚ್.ಡಿ.ಗೆ ಸೇರಿದ್ದವರು. ಎರಡು ವರ್ಷ ದುಡಿದ ಮೇಲೆ, ಅದೇ ಕೆಲಸ ಇನ್ನೊಂದು ಹೆಸರಿನಲ್ಲಿ ಆಗಲೇ ಪ್ರಕಟವಾಗಿದ್ದು ಕಣ್ಣಿಗೆ ಬಿತ್ತು. ಹೊಸದಾಗಿ ಶುರುಮಾಡಲು ಮನೆಯಲ್ಲಿ ಒಪ್ಪಲಿಲ್ಲ.

"ಯಾರೂ ಕದ್ದಿರಲಿಲ್ಲ. ನಾನs ನೋಡಿರಲಿಲ್ಲ," ಎಂದರು. ಅವರು ಆ ಮಾತು ಮತ್ತೆಂದೂ ಎತ್ತಲಿಲ್ಲ.

ಅಂದಿನಿಂದ ಹದಿನೈದು ದಿನ ಹುಡುಕಿದೆ. ಬೂದಿ ನೀರಿನ ಫ್ಲೋರೈಡನ್ನು ಹೆಚ್ಚುಕಡಿಮೆ ಪೂರ್ತಿ ಹೀರುತ್ತದೆ ಎಂದು ಹೊಸದಾಗಿ ಸಿಕ್ಕವುಗಳಲ್ಲಿ ನಾಲ್ಕು ಪ್ರಬಂಧಗಳು ಹೇಳಿದ್ದವು. ಕುಣಿಯುತ್ತ ಹೋಗಿ ತೋರಿಸಿದೆ. ಅವರು ನಾಲ್ಕರ ಕೊನೆಯ ಆಧಾರಪಟ್ಟಿಯ ಪುಟಗಳನ್ನೂ ಮೇಜಿನ ಮೇಲೆ ಹರಡಿ, ಕಪ್ಪು ಬೆರಳನ್ನು ಒಂದೇ ಹೆಸರಿನ ಮೇಲೆ ನಾಲ್ಕು ಸಲ ಇಟ್ಟರು. ನಾಲ್ವರೂ ಹಳೆಯ ಒಂದೇ ಪ್ರಬಂಧವನ್ನು ಆಧಾರ ಮಾಡಿಕೊಂಡಿದ್ದರು.

"ಇವ್ರು ನಾಕು ಮಂದಿ ಅಲ್ಲ. ಒಬ್ಬಾಂವ ಮಾತಾಡಿದ್ದು ನಾಕು ಕಡಿ ಕೇಳಾಕತ್ತದ. ಮೂಲ ಓದೀಯೇನು?"

ಈ ಪ್ರಶ್ನೆಗೆ ಇಡೀ ಕಾಲೇಜು ಹೆದರುತ್ತಿತ್ತು. ಮೂಲ ಪ್ರಬಂಧ ದುಡ್ಡು ಕೊಡದೆ ತೆರೆಯುತ್ತಿರಲಿಲ್ಲ. ಬರೆದವರಿಗೇ ಪತ್ರ ಹಾಕು ಎಂದರು ಮೇಡಂ. ಅಂಥ ದೊಡ್ಡವರು ನನಗೇಕೆ ಉತ್ತರ ಕೊಟ್ಟಾರು ಎಂದುಕೊಂಡೇ ಮೇಲ್ ಕಳಿಸಿದೆ. ವಾರದ ಮೇಲೆ ಉತ್ತರ ಬಂತು. ನಿವೃತ್ತರಾಗಿದ್ದ ಅವರು ತಮ್ಮ ಹಳೆಯ ಪ್ರತಿಯನ್ನೇ ಸ್ಕ್ಯಾನ್ ಮಾಡಿಸಿ ಕಳಿಸಿದ್ದರು. ಓದಿದೆ. ಪ್ರಯೋಗ ನಡೆದದ್ದು ಭಟ್ಟಿ ಇಳಿಸಿದ ಶುದ್ಧ ನೀರಿನಲ್ಲಿ. ಬೋರ್ ನೀರಿನಂತೆ ಕ್ಷಾರ ಹೆಚ್ಚಿದ್ದರೆ ಬೂದಿ ಅಷ್ಟು ಹೀರಲಾರದು ಎಂದು ಅವರೇ ಸ್ಪಷ್ಟವಾಗಿ ಬರೆದಿದ್ದರು. ಆ ಸಾಲನ್ನು ಮಾತ್ರ ನಾಲ್ವರಲ್ಲಿ ಯಾರೂ ಎತ್ತಿಕೊಂಡಿರಲಿಲ್ಲ.

ಶಾಲೆಯ ನೀರನ್ನು ಕ್ಯಾನಿನಲ್ಲಿ ತಂದು, ನಾವು ಕಟ್ಟಿದ ಬೂದಿಯ ಫಿಲ್ಟರಿನಲ್ಲಿ ಹಾಯಿಸಿ ಪರೀಕ್ಷಿಸಿದೆವು. ಫಿಲ್ಟರಿನಿಂದ ಇಳಿದ ನೀರು ಕುಡಿಯುವಂತಿರಲಿಲ್ಲ.

ಗೆಳತಿ ಅತ್ತೇಬಿಟ್ಟಳು. "ಪ್ರಬಂಧದಾಗ ಇದ್ದಂಗs ಬರದು ಮುಗಸೋಣು. ಯಾರು ನೋಡ್ತಾರ?" ಎಂದಳು. ನನಗೂ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಮೇಡಂ ಬೈಯಲಿಲ್ಲ. "ಫಿಲ್ಟರ್ ಅದ ಅಂತ ನಂಬಿ ಹುಡುಗರು ಇನ್ನೊಂದೆರಡು ಗ್ಲಾಸು ಜಾಸ್ತಿನೇ ಕುಡೀತಾವ. ಈಗ ಹೋಗಿ ಹೆಡ್‌ಮಾಸ್ತರಿಗೆ ಹೇಳಿ ಬರ್ರಿ," ಎಂದಷ್ಟೇ ಅಂದರು.

ಹೋಗಿ ಹೇಳಿದೆವು. ಹೆಡ್‌ಮಾಸ್ತರು, "ಇಲ್ಲಿಗೆ ಬಂದೋರೆಲ್ಲ ಮಾಡ್ತೀವಿ ಅಂತಾರ. ಆಗಲಿಲ್ಲ ಅಂತ ಹೇಳಾಕ ತಿರುಗಿ ಬಂದೋರು ನೀವs ಮೊದಲು," ಎಂದರು.

ಮತ್ತೆ ಕೂತೆವು. ಆ ಹಳೆಯ ಪ್ರಬಂಧವನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದ್ದಾರೆಂದು ಮುಂದಕ್ಕೆ ಹುಡುಕಲು ಮೇಡಂ ಕಲಿಸಿದರು. ಮೂರನೆಯ ದಿನ, ಬೂದಿಗೆ ಅಲ್ಯೂಮಿನಿಯಂ ಲೇಪ ಕೊಟ್ಟು ಬೋರ್ ನೀರಿನಲ್ಲೇ ಪರೀಕ್ಷಿಸಿದ ಒಂದು ಕೆಲಸ ಸಿಕ್ಕಿತು. ಶಾಲೆಯ ನೀರಿನಲ್ಲೂ ಅದು ಕೆಲಸ ಮಾಡುತ್ತದೆಂದು ತೋರಿಸುವಷ್ಟರಲ್ಲಿ ವರ್ಷ ಮುಗಿಯಿತು. ನೋಟ್‌ಬುಕ್ಕನ್ನು ಮುಂದಿನ ತಂಡಕ್ಕೆ ಕೊಟ್ಟೆವು. ಸೋತ ಪ್ರಯೋಗವೂ ಅದರಲ್ಲಿ ಹಾಗೇ ಇತ್ತು.

ಎರಡು ವರ್ಷದ ಮೇಲೆ ನಮ್ಮ ನಂತರದ ತಂಡದವರು ಆ ಶಾಲೆಯಲ್ಲಿ ಫಿಲ್ಟರ್ ಕೂರಿಸಿದರು. ಹೆಡ್‌ಮಾಸ್ತರು ಫೋನು ಮಾಡಿ, ಪರೀಕ್ಷೆಯಲ್ಲಿ ನೀರು ಪಾಸಾಯಿತೆಂದರು. ಆಗ ಮೇಡಂ ರಾಯಚೂರಿನ ಆಸ್ಪತ್ರೆಯಲ್ಲಿದ್ದರು. ಓಡಿಹೋಗಿ ಸುದ್ದಿ ಹೇಳಿದೆ. ಅವರ ದನಿ ಸಣ್ಣಗಾಗಿತ್ತು.

"ಚಲೋ ಆತು. ಯಾವ ಬೋರಿನ ನೀರು ತಂದಿದ್ರು?"

ಶಾಲೆಯಲ್ಲಿ ಎರಡು ಬೋರಿದ್ದವು. ನಾನು ಕೇಳಿರಲಿಲ್ಲ.

"ಕೇಳು ಹೋಗು," ಎಂದರು.

ಮರುದಿನ ಬೆಳಿಗ್ಗೆಯೇ ದೇವದುರ್ಗದ ಬಸ್ಸು ಹತ್ತಿದೆ. ಎರಡನೆಯ ಬೋರಿನ ನೀರನ್ನು ಯಾರೂ ಪರೀಕ್ಷಿಸಿರಲಿಲ್ಲ. ನಾನೇ ತುಂಬಿಕೊಂಡು ಬಂದೆ. ಫಲಿತಾಂಶ ಬರುವ ಹೊತ್ತಿಗೆ ಮೇಡಂ ತೀರಿಕೊಂಡು, ಗಬ್ಬೂರಿನಲ್ಲಿ ಅವರ ಮಣ್ಣೂ ಆಗಿತ್ತು. ಆ ನೀರಿನಲ್ಲಿ ಫ್ಲೋರೈಡ್ ಮೊದಲನೆಯದಕ್ಕಿಂತ ಬಹಳ ಹೆಚ್ಚಿತ್ತು. ನಮ್ಮ ಫಿಲ್ಟರಿಗೂ ಮೀರಿದ್ದು. ಹೆಡ್‌ಮಾಸ್ತರು ಅದರ ಕೈಪಂಪಿನ ಹಿಡಿಕೆ ಬಿಚ್ಚಿಸಿ, ಕುಡಿಯಬಾರದೆಂಬ ಗುರುತಿಗೆ ಕಂಬಕ್ಕೆ ಕೆಂಪು ಬಣ್ಣ ಬಳಿಸಿದರು.