ಬಿಳಿ ಮುಚ್ಚಳದ ಸಾಲಿಗೆ ಪಾತಣ್ಣ ಕೊಟ್ಟ ನ್ಯಾಯ

ಕುದಾಪುರದ ಆಚೆಗಿನ ಹಟ್ಟಿಯ ಪಾತಣ್ಣ ಒಂದು ಕಾಲಕ್ಕೆ ದೊಡ್ಡ ಕುರಿ ಹಿಂಡಿನ ಸೇನಾಧಿಪತಿ. ಅವನು ಶಿಳ್ಳೆ ಹಾಕಿದರೆ ಟಗರುಗಳೂ ತಲೆ ತಗ್ಗಿಸುತ್ತಿದ್ದವು. ಹೆಂಡತಿ ಮೂಗಮ್ಮ ಮಾತ್ರ ತಗ್ಗಿಸುತ್ತಿರಲಿಲ್ಲ. ಮೊಣಕಾಲು ಹಿಡಿದುಕೊಂಡ ಮೇಲೆ ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಹತ್ತಿರದ ಸಣ್ಣ ಔಷಧ ಪ್ರಯೋಗಾಲಯದಲ್ಲಿ ಮೊಲ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಸೇನೆ ಕುಗ್ಗಿತು, ಗತ್ತು ಕುಗ್ಗಲಿಲ್ಲ. ಹಸಿರು ಗೌನು ತೊಟ್ಟು, ತಲೆಗೆ ಪ್ಲಾಸ್ಟಿಕ್ ಟೋಪಿ ಸಿಕ್ಕಿಸಿ ಒಳಗೆ ಹೋಗುವಾಗ ಪಟ್ಟಾಭಿಷೇಕಕ್ಕೆ ಹೊರಟವನಂತೆ ಕಾಣುತ್ತಿದ್ದ.

ಅಲ್ಲಿನ ವಿಜ್ಞಾನಿ ದಿವ್ಯಶ್ರೀ ಮೊಳಕಾಲ್ಮೂರಿನ ನೇಕಾರರ ಮನೆ ಮಗಳು. ಶೇಂಗಾ ಬಡಿಯುವಾಗ ಸಿಪ್ಪೆಯ ಚೂರು ಸಿಡಿದು ಕಣ್ಣಿಗೆ ಗಾಯವಾದರೆ, ಅಲ್ಲಿ ಬೂಷ್ಟು ಬೆಳೆದು ಕಣ್ಣೇ ಬೆಳ್ಳಗಾಗುವುದುಂಟು. ಅದಕ್ಕೆ ಅವಳು ಹೊಸ ಹನಿಮದ್ದು ಮಾಡಿದ್ದಳು. ಮನುಷ್ಯರಿಗಿಂತ ಮೊದಲು ಮೊಲಗಳ ಮೇಲೆ ಪರೀಕ್ಷೆ. ನೋವಾಗದಂತೆ ಮರಗಟ್ಟಿಸಿ ಒಂದು ಕಣ್ಣಿಗೆ ಬೂಷ್ಟು ಹಚ್ಚುವುದು. ಆಮೇಲೆ ಗೂಡುಗಳ ಒಂದು ಸಾಲಿಗೆ ನೀಲಿ ಮುಚ್ಚಳದ ಔಷಧ, ಇನ್ನೊಂದು ಸಾಲಿಗೆ ಬಿಳಿ ಮುಚ್ಚಳದ ಬರೀ ಉಪ್ಪುನೀರು. ಹನಿ ಹಾಕುವ ಹೊಣೆ ಪಾತಣ್ಣನದು, ಏಕೆಂದರೆ ಬೇರೆ ಯಾರು ಹಿಡಿದರೂ ಮೊಲಗಳು ಒದೆಯುತ್ತಿದ್ದವು. ಔಷಧ ಗೆಲ್ಲದಿದ್ದರೆ ಈ ಕೆಲಸವನ್ನೇ ನಿಲ್ಲಿಸಿಬಿಡಿ ಎಂದು ಮೇಲಿನವರು ದಿವ್ಯಶ್ರೀಗೆ ಹೇಳಿಯಾಗಿತ್ತು.

ತಪಾಸಣೆಯ ದಿನ ಅವಳು ದೀಪ ಹಿಡಿದು ನೋಡಿದಳು. ಔಷಧದ ಸಾಲಿನ ಕಣ್ಣುಗಳು ತಿಳಿಯಾಗಿದ್ದವು. ಉಪ್ಪುನೀರಿನ ಸಾಲಿನವೂ ಅಷ್ಟೇ ತಿಳಿಯಾಗಿದ್ದವು. ದಿವ್ಯಶ್ರೀ ಸ್ಟೂಲಿನ ಮೇಲೆ ಕುಸಿದಳು. ಉಪ್ಪುನೀರಿಗೇ ವಾಸಿಯಾಗುವುದಾದರೆ ಅವಳ ಔಷಧ ಯಾರಿಗೆ ಬೇಕು?

ಸರಿಯಾಗಿ ಆಗಲೇ ಪಾತಣ್ಣ ಮಂಡಕ್ಕಿ, ಬೆಲ್ಲದ ಪೊಟ್ಟಣ ಹಿಡಿದು ಬಾಗಿಲಲ್ಲಿ ಪ್ರತ್ಯಕ್ಷನಾದ.

"ತಗಳವ್ವ, ಬಾಯಿ ಸಿಹಿ ಮಾಡ್ಕ. ಒಂದೂ ಕೆಡಲಿಲ್ಲ ನೋಡು!"

"ಅದೇ ನನ್ನ ಗೋಳು ಪಾತಣ್ಣ. ಬಿಳಿ ಮುಚ್ಚಳದವು ಹೆಂಗೆ ವಾಸಿಯಾದ್ವು?"

"ಹೆಂಗೆ ಅಂದ್ರೆ? ಅವಕ್ಕೂ ನೀಲೀದೇ ಹಾಕ್ದೆ."

"ಏನಂದ್ರಿ?"

"ಹಿಂಡಿಗೆ ಔಷಧಿ ಹಾಕ್ವಾಗ ಒಂದು ಮರಿ ಬಿಟ್ರೂ ನಮ್ಮ ದೇವರು ಒಪ್ಪಲ್ಲ. ನೀನು ನೋಡಿದ್ರೆ ಅರ್ಧ ಹಿಂಡಿಗೆ ನೀರು ಹಾಕು ಅಂದೆ. ಓದ್ದೋರ ಕೈ ಬಿಗಿ ಅಂತ ಸುಮ್ಕಾದೆ."

"ಅಯ್ಯೋ ದೇವುಡಾ!" ದಿವ್ಯಶ್ರೀ ಸಿಟ್ಟಿನಲ್ಲಿ ಎದ್ದವಳು ನಗತೊಡಗಿದಳು. "ನನ್ನ ಔಷಧಿ ಗೆದ್ದೈತೆ. ಆದ್ರೆ ಅದು ಗೆದ್ದೈತೆ ಅನ್ನೋಕೆ ಗುಣವಾಗದ ಕಣ್ಣೂ ಇರಬೇಕಿತ್ತು. ಇದ್ದ ಸಾಕ್ಷೀನ ನೀವೇ ಗುಣ ಮಾಡಿಬಿಟ್ರಿ!"

ಸುದ್ದಿ ಕೇಳಿ ಮೂಗಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ನನಗೆ ಜ್ವರ ಬಂದಾಗ ಒಂದು ಗುಳಿಗೆ ತರಲಿಲ್ಲ. ಮೊಲಕ್ಕೆ ಮಾತ್ರ ಧರ್ಮರಾಯ! ಆ ಹುಡುಗಿ ಅನ್ನಕ್ಕೆ ಕಲ್ಲು ಹಾಕಿದ್ಯಲ್ಲೋ. ಹೋಗಿ ಸರಿ ಮಾಡು."

ದಿವ್ಯಶ್ರೀ ಗೋಗರೆದು ಮೇಲಿನವರಿಂದ ಇನ್ನೊಂದೇ ಅವಕಾಶ ಪಡೆದಳು. ಹೊಸ ಮೊಲಗಳು ಬಂದವು. ಮೊಲದ ಗೂಡುಗಳ ನಡುವೆ ಎರಡು ಸಾಮ್ರಾಜ್ಯಗಳ ಸಂಧಾನ ನಡೆಯಿತು. ಕಣ್ಣುಗಳ ಕೊನೆಯ ಫೋಟೋ ಆಗುವವರೆಗೆ ಬಿಳಿ ಸಾಲಿಗೆ ನೀಲಿ ಹನಿ ಮುಟ್ಟಿಸಕೂಡದು, ಮುಗಿದ ತಕ್ಷಣ ಅವಕ್ಕೂ ಔಷಧ ಕೊಡಬೇಕು. ಪಾತಣ್ಣ ಹಟ್ಟಿಯ ದೇವರ ಎತ್ತಿನ ಮೇಲೆ ಆಣೆ ಇಟ್ಟ. ಆ ಆಣೆಯನ್ನು ಅವರ ಹಟ್ಟಿಯಲ್ಲಿ ಯಾರೂ ಮುರಿಯುವುದಿಲ್ಲ.

ಆಮೇಲಿನದು ಘೋರ ತಪಸ್ಸು. ಬಿಳಿ ಸಾಲಿಗೆ ಉಪ್ಪುನೀರು ಹಾಕುವಾಗ ಮೊಲಗಳ ಮುಖ ನೋಡಲಾರದೆ, "ನನ್ನ ಬೈಬ್ಯಾಡ್ರಪ್ಪಾ, ಆ ಮೇಡಮ್ಮನ್ನ ಬೈಕಳ್ರಿ" ಎಂದು ಅವಳಿಗೆ ಕೇಳಿಸುವಂತೆಯೇ ಗೊಣಗುತ್ತಿದ್ದ. ಹನಿ ಮಾತ್ರ ಅದಲುಬದಲಾಗಲಿಲ್ಲ.

ಕೊನೆಯ ದಿನ ದಿವ್ಯಶ್ರೀ ಒಂದೊಂದೇ ಕಣ್ಣಿನ ಫೋಟೋ ತೆಗೆದಳು. ನೀಲಿ ಸಾಲು ತಿಳಿ. ಬಿಳಿ ಸಾಲಿನ ಕಣ್ಣುಗಳಲ್ಲಿ ಮಬ್ಬು ಹಾಗೇ ಇತ್ತು. ಅವಳ ಔಷಧ ಉಳಿಯಿತು.

"ಗೆದ್ವಿ ಪಾತಣ್ಣ!" ಎಂದು ಕೂಗಿದಳು.

ತಿರುಗಿ ನೋಡಿದರೆ ಪಾತಣ್ಣ ಆಗಲೇ ಬಿಳಿ ಸಾಲಿನ ಮೊದಲನೆಯ ಮೊಲವನ್ನು ಕಂಕುಳಲ್ಲಿ ಅವುಚಿಕೊಂಡು, ಹಲ್ಲಿನಿಂದ ನೀಲಿ ಮುಚ್ಚಳ ಬಿಚ್ಚುತ್ತಿದ್ದ.

"ಫೋಟೋ ಆಯ್ತಲ್ಲ? ಕುಣಿಯೋದು ಆಮ್ಯಾಕಿರಲಿ. ದೀಪ ಇತ್ತಾಗೆ ಹಿಡಿಯವ್ವ."